ಹಂಡೆಯ ನೀರು, ಕೊಳದ ನೀರು

ಶಿವಮೊಗ್ಗದಲ್ಲಿ ಈಜುಕೊಳದ ನೀರು ಕಾಯಿಸುವಷ್ಟು ಚಳಿ ಇದೆಯೇ ಎಂದು ನೀವು ಕೇಳಬಹುದು. ಇಲ್ಲ ಎಂದು ಹೇಳಿ ಈ ಬರಹವನ್ನು ಇಲ್ಲಿಗೇ ಮುಗಿಸುವ ಆಸೆ ನನಗೂ ಇತ್ತು. ಡಿಸೆಂಬರ್, ಜನವರಿಯಲ್ಲೂ ನಮ್ಮೂರಿನ ಮಧ್ಯಾಹ್ನ 30 ಡಿಗ್ರಿಯ ಹತ್ತಿರ ಹೋಗುತ್ತದೆ. ರಾತ್ರಿ 15ರ ಆಸುಪಾಸಿಗೆ ಇಳಿದರೆ ನಾವೆಲ್ಲ ಟೋಪಿ, ಮಫ್ಲರ್ ಹುಡುಕುತ್ತೇವೆ. ಯುರೋಪಿನವರು ಇದನ್ನು ಚಳಿ ಎಂದು ಕರೆಯಲಾರರು. ಆದರೆ ನೀರಿನ ಲೆಕ್ಕ ಬೇರೆ. ಗಾಳಿಗಿಂತ ನೀರಿನ ಉಷ್ಣವಾಹಕತೆ ಇಪ್ಪತ್ತು ಪಟ್ಟಿಗೂ ಹೆಚ್ಚು. 23 ಡಿಗ್ರಿಯ ಗಾಳಿಯಲ್ಲಿ ತೆಳು ಅಂಗಿ ತೊಟ್ಟು ಕುಳಿತರೆ ಹಿತ, 23 ಡಿಗ್ರಿಯ ನೀರಿಗಿಳಿದರೆ ಹಲ್ಲು ಕಟಕಟ. ಸ್ಪರ್ಧೆಗಳ ಈಜುಕೊಳವನ್ನು 25ರಿಂದ 28 ಡಿಗ್ರಿಯಲ್ಲಿ ಇಡುತ್ತಾರೆ, ಅದೂ ಕೈಕಾಲು ಬಡಿದು ತಮ್ಮ ಬಿಸಿಯನ್ನು ತಾವೇ ಹುಟ್ಟಿಸಿಕೊಳ್ಳುವ ಗಟ್ಟಿಗರಿಗೆ. ಮಂಡಿನೋವಿನವರು ನೀರಲ್ಲಿ ನಿಂತು ಮೆಲ್ಲಗೆ ಕಾಲಾಡಿಸಬೇಕಾದರೆ 30 ದಾಟಿರಬೇಕು.

ಸವಳಂಗ ರಸ್ತೆಯಲ್ಲಿ ನವುಲೆಯ ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜುಗಳನ್ನು ದಾಟಿ ಮುಂದೆ ಹೋದರೆ ಹೊಲಗದ್ದೆಗಳ ನಡುವೆ ಲೇಔಟುಗಳ ಕಮಾನುಗಳು ಒಂದಾದ ಮೇಲೊಂದು ಎದುರಾಗುತ್ತವೆ. ಅಂಥದ್ದೊಂದು ಲೇಔಟಿನಲ್ಲಿ ನನ್ನ ಸೋದರಮಾವ ಮನೆ ಕಟ್ಟಿಸಿದ್ದಾರೆ. ಅಡಿಕೆ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವರು. ಮನೆಯ ಹಿಂದೆ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಈಜುಕೊಳ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳು ಬಂದಾಗ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನವೆಂಬರ್ ಬಂತೆಂದರೆ ನೀಲಿ ನೀರಿನ ಮೇಲೆ ಪಕ್ಕದ ಸೈಟಿನ ಮರದ ಎಲೆಗಳು ಮಾತ್ರ. ಕಳೆದ ನವೆಂಬರಿನಲ್ಲಿ ಮಾವನಿಗೆ ಅದನ್ನು ಬಿಸಿ ಮಾಡಿಸುವ ಮನಸ್ಸಾಯಿತು. ನಾನು ಪಿಎಚ್.ಡಿ. ಮಾಡುತ್ತಿರುವುದು ಅಣೆಕಟ್ಟು ಮತ್ತು ಮುಳುಗಡೆಯನ್ನು ಕುರಿತ ಕನ್ನಡ ಕಾದಂಬರಿಗಳ ಮೇಲೆ. ಹಾಗಾಗಿ ನೀರು, ಕರೆಂಟು ಎಂದರೆ ನನಗೆ ಏನೋ ತಿಳಿದಿರುತ್ತದೆ ಎಂಬುದು ಮನೆಯವರ ನಂಬಿಕೆ. "ಲೆಕ್ಕ ಹಾಕಿ ಹೇಳೇ" ಎಂದರು. ನಾನು ಹಾಕಿದೆ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಬೇಕು. ಇದು ಹೈಸ್ಕೂಲಿನ ಪಾಠ. ಮಾವನ ಕೊಳದ ಸರಾಸರಿ ಆಳ ಒಂದೂಕಾಲು ಮೀಟರ್, ಅಂದರೆ 40,000 ಲೀಟರ್ ನೀರು. ಇಡೀ ಕೊಳವನ್ನು ಒಂದೇ ಒಂದು ಡಿಗ್ರಿ ಏರಿಸಲು ಸುಮಾರು 46 ಯೂನಿಟ್ ಶಾಖ ಹಿಡಿಯುತ್ತದೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಸಿಗಬಹುದಾದ ಗರಿಷ್ಠ ಉಚಿತ ವಿದ್ಯುತ್ತು 200 ಯೂನಿಟ್. ಅದಷ್ಟನ್ನೂ ಮಾಮೂಲಿ ಹೀಟರಿನಿಂದ ಈ ಕೊಳಕ್ಕೆ ಸುರಿದರೆ ನೀರು ನಾಲ್ಕು ಡಿಗ್ರಿ ಮೇಲೇರೀತು. ಇನ್ನೊಂದು ಬಗೆಯಲ್ಲಿ ನೋಡಿ. ಬಕೆಟ್ಟಿನಲ್ಲಿ ಸ್ನಾನ ಮಾಡುವವರಿಗೆ 20 ಲೀಟರ್ ನೀರು ಸಾಕು. ಅದನ್ನು 22ರಿಂದ 42 ಡಿಗ್ರಿಗೆ ಕಾಯಿಸಿದರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ. ಹಾಗಾದರೆ ಕೊಳದ ಒಂದು ಡಿಗ್ರಿ ನೂರು ಜನರ ಬಿಸಿನೀರ ಸ್ನಾನಕ್ಕೆ ಸಮ. ಕಾಗದದ ಮೇಲೆ ಆ ನೂರು ಎಂಬ ಸಂಖ್ಯೆ ಸರಿಯಾಗಿ ಬಂದು ಕುಳಿತಾಗ ನಾನು ಎರಡು ಸಲ ಕೂಡಿ ಕಳೆದು ನೋಡಿದೆ.

ಇದು ಒಂದು ಸಲ ಕಾಯಿಸುವ ಲೆಕ್ಕ ಅಷ್ಟೆ. ಕಾದ ಕೊಳ ಸುಮ್ಮನಿರುವುದಿಲ್ಲ. ಬಯಲಿನ ಕೊಳ ಬಿಸಿ ಕಳೆದುಕೊಳ್ಳುವುದು ಮುಖ್ಯವಾಗಿ ಆವಿಯಾಗಿ, ಅಂದರೆ ಮೇಲಿನಿಂದ. ಗೋಡೆ, ನೆಲದ ಮೂಲಕ ಹೋಗುವುದು ಅಲ್ಪ. ದಿನಕ್ಕೆ ನಾಲ್ಕು ಮಿಲಿಮೀಟರ್ ನೀರು ಆವಿಯಾದರೂ ಈ ಕೊಳದಿಂದ 128 ಲೀಟರ್ ಹೋಗುತ್ತದೆ, ಹೋಗುವಾಗ 86 ಯೂನಿಟ್ಟಿನಷ್ಟು ಶಾಖವನ್ನು ಕಟ್ಟಿಕೊಂಡು ಹೋಗುತ್ತದೆ. ಹಗಲ ಬಿಸಿಲು ಇದರಲ್ಲಿ ಬಹುಪಾಲನ್ನು ಪುಕ್ಕಟೆ ತುಂಬಿಕೊಡುತ್ತದೆ, ನಿಜ. ಆದರೆ ಬೆಳಗಿನ ಜಾವ ಕೊಳದ ಮೇಲೆ ತೇಲುವ ಆ ಚೆಂದದ ಹಬೆ ಇದೆಯಲ್ಲ, ಫೋಟೋದಲ್ಲಿ ಎಲ್ಲರೂ ಮೆಚ್ಚುವಂಥದ್ದು, ಅದು ಕರೆಂಟು ಬಿಲ್ಲಿನ ಆತ್ಮ ದೇಹ ಬಿಟ್ಟು ಹೋಗುತ್ತಿರುವ ದೃಶ್ಯ.

ಮಾವ ನನ್ನ ಹಾಳೆಯನ್ನು ಓದಿ ನಕ್ಕರು. ಅವರು ತಿಳಿಯದವರಲ್ಲ. ಹೀಟ್ ಪಂಪ್ ಎಂಬ ಯಂತ್ರದ ಬಗ್ಗೆ ಆಗಲೇ ವಿಚಾರಿಸಿದ್ದರು. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಹೊತ್ತು ತಂದು ನೀರಿಗೆ ಹಾಕುತ್ತದೆ. ಆದ್ದರಿಂದ ಒಂದು ಯೂನಿಟ್ ಕರೆಂಟಿಗೆ ನಾಲ್ಕೈದು ಯೂನಿಟ್ ಶಾಖ ಸಿಗುತ್ತದೆ. "ನಿನ್ನ ನೂರು ಜನ ಇಪ್ಪತ್ತೈದಕ್ಕೆ ಇಳಿದ್ರು ನೋಡು" ಎಂದರು. ಮಾತು ಸರಿಯೇ. ಹಾಗಿದ್ದೂ ನನಗೆ 1865ರಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಬಗ್ಗೆ ಪುಸ್ತಕ ಬರೆದ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ನೆನಪಾದರು. ಉಗಿಯಂತ್ರ ಸುಧಾರಿಸಿ ಕಡಿಮೆ ಇದ್ದಿಲಿಗೆ ಹೆಚ್ಚು ಕೆಲಸ ಮಾಡತೊಡಗಿದಾಗ ಕಲ್ಲಿದ್ದಲ ಬಳಕೆ ಇಳಿಯಲಿಲ್ಲ, ಏರಿತು ಎಂದು ಅವರು ತೋರಿಸಿದ್ದರು. ಅಗ್ಗವಾದದ್ದನ್ನು ನಾವು ಉಳಿಸುವುದಿಲ್ಲ, ಹರಡುತ್ತೇವೆ. ಹೀಟ್ ಪಂಪ್ ಬಂದ ಮನೆಯಲ್ಲಿ 28 ಡಿಗ್ರಿ 32 ಆಗುತ್ತದೆ, ಭಾನುವಾರಕ್ಕಿದ್ದ ಬಿಸಿ ವಾರವಿಡೀ ಇರುತ್ತದೆ.

ಕೊನೆಗೆ ಮಾವ ಎಲ್ಲ ಮಾವಂದಿರೂ ಹೇಳುವ ಮಾತು ಹೇಳಿದರು: "ಬಿಲ್ ಕಟ್ಟೋನು ನಾನಲ್ವೇನೇ ಮಾರಾಯ್ತಿ, ನಿಂಗ್ಯಾಕೆ ಸಂಕಟ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು ಎಂದು ನನಗನ್ನಿಸುತ್ತದೆ. ಯಾರದೋ ಮನೆಯ ಖರ್ಚಿಗೆ ಮೂಗು ತೂರಿಸುವವರನ್ನು ಕಂಡರೆ ನನಗೂ ಆಗುವುದಿಲ್ಲ. ನಾನೂ ನನ್ನ ತಂಗಿಯೂ ಇದೇ ರಸ್ತೆಯ ಒಂದು ಪಿ.ಜಿ.ಯಲ್ಲಿದ್ದೇವೆ; ಅಲ್ಲಿ ಬಿಸಿನೀರು ಬೆಳಿಗ್ಗೆ ಆರರಿಂದ ಏಳೂವರೆವರೆಗೆ ಮಾತ್ರ, ತಲೆಗೊಂದು ಬಕೆಟ್. ಕಾಯಿಲ್ ಇಟ್ಟುಕೊಂಡು ಸಿಕ್ಕಿಬಿದ್ದರೆ ದಂಡ. ನೀರು ಕಾಯಿಸುವುದನ್ನು ಇನ್ನೊಬ್ಬರು ಎಣಿಸುತ್ತ ಕೂರುವುದು ಎಷ್ಟು ಕಿರಿಕಿರಿ ಎಂಬುದು ಮಾವನಿಗಿಂತ ನನಗೇ ಚೆನ್ನಾಗಿ ಗೊತ್ತು. ಆದರೂ ಬಿಲ್ಲು ಕಟ್ಟುವುದು ಒಂದು ಲೆಕ್ಕವನ್ನು ಮಾತ್ರ ಚುಕ್ತಾ ಮಾಡುತ್ತದೆ: ಮೆಸ್ಕಾಂ ಮತ್ತು ಮನೆಯ ನಡುವಿನದು. ಆ ಯೂನಿಟ್ಟು ಮೆಸ್ಕಾಂಗೆ ಬರುವ ಮೊದಲು ಎಲ್ಲೆಲ್ಲಿ ಏನೇನಾಯಿತು ಎಂಬುದರ ಲೆಕ್ಕ ಆ ಕಾಗದದಲ್ಲಿರುವುದಿಲ್ಲ.

ಶಿವಮೊಗ್ಗ ಜಿಲ್ಲೆಯವರಿಗಂತೂ ಇದನ್ನು ಮರೆಯುವ ಅನುಕೂಲವಿಲ್ಲ. 1923ರಲ್ಲಿ ಉರಿ ಹೊತ್ತಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಮೊದಲು ನುಂಗಿದ್ದು ಈ ಕಾಡುಗಳ ಕಟ್ಟಿಗೆಯಿಂದ ಸುಟ್ಟ ಇದ್ದಿಲನ್ನು. ನಲವತ್ತರ ದಶಕದ ಕೊನೆಗೆ ಜೋಗದಲ್ಲಿ ವಿದ್ಯುದಾಗಾರ ಬಂತು. ಅದಕ್ಕೆ ಮಹಾತ್ಮ ಗಾಂಧಿಯ ಹೆಸರಿಟ್ಟಿದ್ದಾರೆ. ಅಪರಿಗ್ರಹ ಬೋಧಿಸಿದವರ ಹೆಸರಲ್ಲಿ ಕರೆಂಟು! ಇದರಲ್ಲಿ ವ್ಯಂಗ್ಯ ಯಾರಿಗೂ ಕಾಣಲಿಲ್ಲವೇನೋ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿ ಕಣಿವೆಯ ಊರುಗಳು ಮುಳುಗಿದವು. 1035 ಮೆಗಾವ್ಯಾಟಿನ ವಿದ್ಯುದಾಗಾರ ಇಡೀ ರಾಜ್ಯಕ್ಕೆ ಬೆಳಕು ಕೊಟ್ಟಿತು. ಮುಳುಗಡೆಯಾದವರನ್ನು ಲಾರಿಗಳಲ್ಲಿ ತಂದು ಇಳಿಸಿದ ಊರುಗಳಲ್ಲಿ ಹಕ್ಕುಪತ್ರದ ಜಗಳ ಇಂದಿಗೂ ನಡೆದಿದೆ. ಹಿನ್ನೀರಿನ ಆಚೆ ಉಳಿದವರು ಆಸ್ಪತ್ರೆಗೂ ಮದುವೆಗೂ ಲಾಂಚಿಗಾಗಿ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಕರೆಂಟು ಬೆಂಗಳೂರಿಗೆ ಹೋಗಿ ಅರವತ್ತು ವರ್ಷವಾದ ಮೇಲೆ ಅವರಿಗೊಂದು ಸೇತುವೆ.

ನಾ. ಡಿಸೋಜರ 'ಮುಳುಗಡೆ', 'ದ್ವೀಪ'ಗಳನ್ನು ನಾನು ಸಂಶೋಧನೆಗಾಗಿ ಮತ್ತೆ ಮತ್ತೆ ಓದಬೇಕಾಗಿದೆ. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರ ಸಿನಿಮಾದಲ್ಲಿ ನೋಡಿದವರೂ ಬಹಳ ಜನ ಇದ್ದೀರಿ. ಆ ಬರಹಗಳ ಶಕ್ತಿ ಇರುವುದು ಅಣೆಕಟ್ಟನ್ನು ಬೈಯುವುದರಲ್ಲಿ ಅಲ್ಲ. ಡಿಸೋಜರು ಸರ್ಕಾರಿ ಲೋಕೋಪಯೋಗಿ ಇಲಾಖೆಯಲ್ಲೇ ಕೆಲಸ ಮಾಡಿದವರು, ಯೋಜನೆಯನ್ನು ಒಳಗಿನಿಂದ ಕಂಡವರು. ನೀರು ದಿನದಿನಕ್ಕೆ ಒಂದಿಷ್ಟು ಏರುವುದನ್ನು ಮನೆಯ ಜಗಲಿಯಲ್ಲಿ ಕುಳಿತು ನೋಡುವ ಸ್ಥಿತಿಯನ್ನು ಅವು ನಮ್ಮ ಮುಂದಿಡುತ್ತವೆ. ಒಬ್ಬರ ಮನೆಯಲ್ಲಿ ಅಡಿ ಅಡಿಯಾಗಿ ನೀರು ಏರಿದ್ದರಿಂದ ಇನ್ನೊಬ್ಬರ ಮನೆಯಲ್ಲಿ ಡಿಗ್ರಿ ಡಿಗ್ರಿಯಾಗಿ ಬಿಸಿ ಏರುತ್ತದೆ. ಇಂದು ನಮ್ಮ ತಂತಿಯಲ್ಲಿ ರಾಯಚೂರಿನ ಕಲ್ಲಿದ್ದಲೂ ಪಾವಗಡದ ಬಿಸಿಲೂ ಬೆರೆತಿವೆ, ಶರಾವತಿಯದು ಒಂದು ಪಾಲು ಮಾತ್ರ. ಆದರೆ ಶರಾವತಿಯ ಮೇಲಿನ ಆಸೆ ಮುಗಿದಿಲ್ಲ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸಿಂಗಳೀಕಗಳ ಕಾಡೇ ಬೇಕಂತೆ. ಎಲ್ಲರೂ ಒಟ್ಟಿಗೆ ಸ್ವಿಚ್ಚು ಒತ್ತುವ ಹೊತ್ತಿಗೆ ಕರೆಂಟು ಸಾಲದಿರುವುದೇ ಅದಕ್ಕೆ ಕೊಡುವ ಕಾರಣ. ಆ ಎಲ್ಲರಲ್ಲಿ ಮಾವನ ಪಂಪೂ ಒಂದು, ನನ್ನ ಲ್ಯಾಪ್‌ಟಾಪೂ ಒಂದು.

ಇಲ್ಲಿಗೆ ಬಂದಾಗ ನಮ್ಮಂಥವರಿಗೆ ಒಂದು ಸುಲಭದ ದಾರಿ ಕಾಣುತ್ತದೆ: ಹಳೆಯ ಕಾಲದ ಕಡೆ ತಿರುಗುವುದು. ತಾಮ್ರದ ಹಂಡೆ, ಬಚ್ಚಲ ಒಲೆ, ಅಡಿಕೆ ಸಿಪ್ಪೆಯ ಉರಿ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬುತ್ತಿದ್ದುದು ನನ್ನ ತಲೆಮಾರಿನ ಮಲೆನಾಡಿಗರಿಗೂ ನೆನಪಿದೆ. ಆ ಹಂಡೆಯಲ್ಲಿ ಬಿಸಿಯ ಬೆಲೆ ಕಣ್ಣಿಗೆ ಕಾಣುತ್ತಿತ್ತು, ಕಟ್ಟಿಗೆಯ ರಾಶಿ ಕರಗಿದ್ದು ಗೊತ್ತಾಗುತ್ತಿತ್ತು, ಆದ್ದರಿಂದ ಜನ ಮಿತವಾಗಿದ್ದರು ಎಂದು ಹೇಳಬಹುದು. ಕೇಳಲು ಚೆನ್ನಾಗಿದೆ. ಪೂರ್ತಿ ನಿಜವಲ್ಲ.

ಯಾಕೆಂದರೆ ಆ ಬೆಲೆ ಯಾರ ಕಣ್ಣಿಗೆ ಕಾಣುತ್ತಿತ್ತು? ಬೆಳಿಗ್ಗೆ ಐದಕ್ಕೆ ಎದ್ದು ಹೊಗೆಯಲ್ಲಿ ಕಣ್ಣುಜ್ಜುತ್ತ ಊದುಗೊಳವೆ ಊದುತ್ತಿದ್ದ ನನ್ನಜ್ಜಿಗೆ. ಮೊದಲು ಮೀಯುತ್ತಿದ್ದುದು ಅಜ್ಜ, ಆಮೇಲೆ ಬಂದ ನೆಂಟರು, ಆಮೇಲೆ ಗಂಡುಮಕ್ಕಳು, ಶಾಲೆಗೆ ಹೋಗುವ ಮಕ್ಕಳು. ಅಜ್ಜಿಯ ಸರದಿ ಬರುವ ಹೊತ್ತಿಗೆ ಹಂಡೆಯಲ್ಲಿ ಉಗುರು ಬೆಚ್ಚಗಿನ ನೀರು, ಒಲೆಯಲ್ಲಿ ಬೂದಿ. ತೋಟದ ಆಳುಗಳಿಗಂತೂ ಆ ಬಚ್ಚಲೇ ಇರಲಿಲ್ಲ. ಅವರು ಕಟ್ಟಿಗೆ ಒಡೆದು ಬಚ್ಚಲ ಬಾಗಿಲಿಗೆ ಒಟ್ಟಿ ಹೋಗುತ್ತಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ಹೊಗೆ ಕಡಿಮೆ ಮಾಡುವ ಒಲೆಗಳನ್ನು ರೂಪಿಸಿ ಹಳ್ಳಿಗಳಿಗೆ ತಂದರು, ಅದು ಕಣ್ಣುಗಳನ್ನು ಉಳಿಸಿತು. ಸರದಿಯನ್ನು ಬದಲಿಸುವುದು ಒಲೆಯ ಕೈಯಲ್ಲಿರಲಿಲ್ಲ. ಕಾಯಿಸುವವರು ಬೇರೆ, ಮೀಯುವವರು ಬೇರೆ ಎಂಬ ಏರ್ಪಾಡು ಹಂಡೆಯಷ್ಟೇ ಹಳೆಯದು. ಶರಾವತಿಯಲ್ಲಿ ಆದದ್ದು ಇದೇ ಏರ್ಪಾಡು, ದೊಡ್ಡ ಹಂಡೆಯಲ್ಲಿ.

ರೋಮಿನವರೂ ಇದನ್ನು ಬಲ್ಲರು. ರೋಮ್ ನಗರದಲ್ಲಿ ಬಿಸಿನೀರಿನ ಈಜುಕೊಳವನ್ನು ಮೊದಲು ಕಟ್ಟಿಸಿದವನು ಮಿಸೀನಸ್ ಎಂದು ಇತಿಹಾಸಕಾರ ಡಿಯೋ ಬರೆದಿದ್ದಾನೆ. ಕ್ರಿ.ಪೂ. 8ರಲ್ಲಿ ತೀರಿಕೊಂಡ ಈ ಮಿಸೀನಸ್ ಬೇರೆ ಯಾರೂ ಅಲ್ಲ, ವರ್ಜಿಲ್ ಮತ್ತು ಹೊರೇಸರನ್ನು ಸಾಕಿದ ಮಹಾಪೋಷಕ. ಸಾಹಿತ್ಯಕ್ಕೂ ಬಿಸಿಕೊಳಕ್ಕೂ ಅಷ್ಟು ಹಳೆಯ ನಂಟು! ಮುಂದೆ ಸೆನೆಕ ಒಂದು ಪತ್ರದಲ್ಲಿ ತಾನು ಸಿಪಿಯೋನ ಹಳೆಯ ಮನೆಗೆ ಹೋದುದನ್ನು ಹೇಳುತ್ತಾನೆ. ಹ್ಯಾನಿಬಲ್‌ನನ್ನು ಸೋಲಿಸಿದ ಆ ಸೇನಾಪತಿಯ ಬಚ್ಚಲು ಇಕ್ಕಟ್ಟು, ಕತ್ತಲು. ಹೊಲದಲ್ಲಿ ದುಡಿದ ಮೈಯನ್ನು ಅವನು ಅಲ್ಲಿ ತೊಳೆದುಕೊಳ್ಳುತ್ತಿದ್ದ, ಮಳೆ ಬಂದಾಗ ನೀರು ಕೆಸರಾಗಿರುತ್ತಿತ್ತು. ಈಗಿನವರಿಗೆ ಅಮೃತಶಿಲೆಯ ಗೋಡೆ, ಬೆಳ್ಳಿಯ ನಲ್ಲಿ ಇಲ್ಲದಿದ್ದರೆ ಬಡವರಾದೆವು ಎನ್ನಿಸುತ್ತದೆ ಎಂದು ಸೆನೆಕ ಕುಟುಕುತ್ತಾನೆ. ಬರೆದವನು ರೋಮಿನ ಮಹಾ ಶ್ರೀಮಂತರಲ್ಲಿ ಒಬ್ಬ ಎಂಬುದನ್ನು ಸ್ವಲ್ಪ ಬದಿಗಿಟ್ಟು ಓದಬೇಕು. ನನಗೆ ಹೆಚ್ಚು ಹಿಡಿಸುವುದು ಅವನ ಇನ್ನೊಂದು ಪತ್ರ. ವಯಸ್ಸಿದ್ದಾಗ ತಾನು ಜನವರಿ ಒಂದರಂದು ತಣ್ಣೀರಿಗೆ ಹಾರಿ ಹೊಸ ವರ್ಷ ಆರಂಭಿಸುತ್ತಿದ್ದೆ, ಆಮೇಲೆ ಟೈಬರ್ ನದಿಗೆ ಬಂದೆ, ಈಗ ತೊಟ್ಟಿಗೆ ಇಳಿದಿದ್ದೇನೆ, ಮೈ ಗಟ್ಟಿಯಿದ್ದ ದಿನ ಆ ತೊಟ್ಟಿಯ ನೀರನ್ನು ಕಾಯಿಸುವುದು ಬರಿಯ ಬಿಸಿಲು ಎಂದು ಅವನು ಅಲ್ಲಿ ಹೇಳಿಕೊಳ್ಳುತ್ತಾನೆ. ನೀತಿಯ ಮಾತು ಬಿಟ್ಟು ಮೈಯ ಮಾತಿಗೆ ಬಂದಾಗ ಅವನು ನಂಬುವಂತಾಗುತ್ತಾನೆ.

ಮೈಯ ಮಾತು ಎಂದರೆ ನಮ್ಮ ಕಥೆಯಲ್ಲಿ ಅತ್ತೆ. ಅವರ ಎರಡೂ ಮಂಡಿ ಸವೆದಿವೆ. ಬೆಚ್ಚಗಿನ ನೀರಲ್ಲಿ ಎದೆಮಟ್ಟ ನಿಂತು ನಡೆದರೆ ಮಂಡಿಯ ಮೇಲೆ ಭಾರ ಬೀಳದೆ ಸ್ನಾಯುಗಳಿಗೆ ಬಲ ಬರುತ್ತದೆ ಎಂದು ಫಿಸಿಯೋಥೆರಪಿಯವರು ಹೇಳಿದ್ದರು. ಮಾವನ ವಾದದ ಕೊನೆಯ ಅಸ್ತ್ರ ಇದೇ ಆಗಿತ್ತು, ಮತ್ತು ಇದರ ಮುಂದೆ ನನ್ನ ನೂರು ಸ್ನಾನಗಳ ಲೆಕ್ಕ ಚಿಲ್ಲರೆಯಾಗಿ ಕಂಡಿತು. ನೋವಿರುವ ಒಬ್ಬರ ಮುಂದೆ ಕಾಣದ ನೂರು ಜನರನ್ನು ನಿಲ್ಲಿಸುವುದು ಒಂಥರಾ ಕ್ರೌರ್ಯವೇ. ಭೋಗ ಮತ್ತು ಅಗತ್ಯದ ನಡುವಿನ ಗೆರೆ ಮಂಡಿಯಿಂದ ಮಂಡಿಗೆ ಬದಲಾಗುತ್ತದೆ. ನನ್ನ ಅಜ್ಜನ ಕಾಲದವರಿಗೆ ದಿನಾ ಬಿಸಿನೀರಿನ ತಲೆಸ್ನಾನ ಭೋಗ, ನನಗೆ ಅದಿಲ್ಲದೆ ಬೆಳಗಾಗುವುದಿಲ್ಲ. ಗೆರೆ ಎಳೆಯಲು ಹೊರಟವರೆಲ್ಲ ತಮ್ಮ ಕಾಲಡಿಯಿಂದಲೇ ಎಳೆಯುತ್ತಾರೆ.

ಆದರೆ ಅತ್ತೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು: "ನನ್ ಮಂಡಿ ಹೆಸ್ರು ಹೇಳಿ ಏನೂ ತರ್ಬೇಡಿ. ನಂಗೆ ಬೇಕಾಗಿರೋದು ಅರ್ಧ ಗಂಟೆ. ಉಳಿದ ಇಪ್ಪತ್ಮೂರೂವರೆ ಗಂಟೆ ಅದು ಯಾರಿಗೆ ಕಾಯ್ತಾ ಇರುತ್ತೆ?" ಕಾಯುವುದು ಎಂಬ ಮಾತಿಗೆ ಕನ್ನಡದಲ್ಲಿ ಇರುವ ಎರಡೂ ಅರ್ಥ ಅಲ್ಲಿದ್ದವು; ಅವರು ಉದ್ದೇಶಪೂರ್ವಕವಾಗಿ ಆಡಿದರೋ ಇಲ್ಲವೋ ಗೊತ್ತಿಲ್ಲ. ಅತ್ತೆ ಮದುವೆಗೆ ಮುಂಚೆ ತೀರ್ಥಹಳ್ಳಿ ಕಡೆಯ ತವರಿನಲ್ಲಿ ದೊಡ್ಡ ಸಂಸಾರದ ಹಂಡೆಗೆ ಉರಿ ಹಾಕಿದವರು. ನೀರು ಒಬ್ಬರ ಹೆಸರಿನಲ್ಲಿ ಕಾಯುತ್ತದೆ, ಇನ್ನೊಬ್ಬರ ಮೈಮೇಲೆ ಬೀಳುತ್ತದೆ ಎಂಬುದು ಅವರಿಗೆ ಯಾವ ಕಾದಂಬರಿಯೂ ಹೇಳಿಕೊಡಬೇಕಾಗಿರಲಿಲ್ಲ.

ಅವರ ಮಾತಿನ ಮೇಲೆ ಯೋಚಿಸುತ್ತ ಹೋದಾಗ ನನಗೆ ಅನ್ನಿಸಿದ್ದು ಇದು. ನಮ್ಮನ್ನು ಕಾಡುವುದು ನೀರಿನ ಬಿಸಿ ಅಲ್ಲ, ಅದರ ಒಂಟಿತನ. ಅದೇ 40,000 ಲೀಟರ್ ಕಾದ ನೀರು ಒಂದು ಊರಿನ ಸಾರ್ವಜನಿಕ ಕೊಳದಲ್ಲಿದ್ದು, ಮಂಡಿನೋವಿನ ಮೂವತ್ತು ಹೆಂಗಸರು ಸರದಿಯಲ್ಲಿ ಇಳಿದು ಹತ್ತುತ್ತಿದ್ದರೆ, ಅದಕ್ಕೆ ಎಷ್ಟು ಯೂನಿಟ್ ಸುಟ್ಟರೂ ನಾನು ಕಾಗದ ಪೆನ್ಸಿಲು ತೆಗೆಯುತ್ತಿರಲಿಲ್ಲ. ರೋಮಿನ ದೊಡ್ಡ ಸ್ನಾನಗೃಹಗಳು ಕಾಡು ಕಡಿದು ಉರಿಸಿದವು, ಗುಲಾಮರ ಬೆವರಲ್ಲಿ ನಡೆದವು; ಆದರೂ ಅಲ್ಲಿ ಪುಡಿಗಾಸು ಕೊಟ್ಟು ಸಾಮಾನ್ಯನೂ ಬಿಸಿನೀರಿಗಿಳಿಯಬಹುದಿತ್ತು. ಮಿಸೀನಸನ ಮನೆಯ ಕೊಳಕ್ಕೂ ಅದಕ್ಕೂ ಇರುವ ವ್ಯತ್ಯಾಸ ಡಿಗ್ರಿಯದಲ್ಲ.

ಹಾಗೆ ನೋಡಿದರೆ ಮನೆಯ ಈಜುಕೊಳ ಎಂಬ ವಸ್ತುವಿಗೇ ಒಂದು ಚರಿತ್ರೆಯಿದೆ. ಅಮೆರಿಕದ ಸಾರ್ವಜನಿಕ ಕೊಳಗಳ ಕುರಿತು ಜೆಫ್ ವಿಲ್ಟ್ಸೆ 2007ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರಗಳಿವೆ. ಕರಿಯರೂ ಬಿಳಿಯರೂ ಒಂದೇ ನೀರಿಗೆ ಇಳಿಯಬೇಕೆಂದು ನ್ಯಾಯಾಲಯಗಳು ಹೇಳತೊಡಗಿದ ಮೇಲೆ ಬಿಳಿಯರು ಊರ ಕೊಳಗಳನ್ನು ಬಿಟ್ಟು ಖಾಸಗಿ ಕ್ಲಬ್ಬುಗಳಿಗೂ ತಂತಮ್ಮ ಹಿತ್ತಿಲ ಕೊಳಗಳಿಗೂ ಸರಿದರು. ನಾವು ಅಲ್ಲಿಯವರನ್ನು ನೋಡಿ ತಲೆಯಾಡಿಸಬೇಕಾಗಿಲ್ಲ. 1927ರ ಮಾರ್ಚಿನಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಅಂಬೇಡ್ಕರ್ ಬೊಗಸೆಯಲ್ಲಿ ಎತ್ತಿ ಕುಡಿದದ್ದೇ ಒಂದು ಕ್ರಾಂತಿಯಾದ ನೆಲ ನಮ್ಮದು. ನೀರು ಎಷ್ಟು ಬಿಸಿಯಿರಬೇಕು ಎಂಬ ಪ್ರಶ್ನೆಗಿಂತ ಮೊದಲು ನಮ್ಮಲ್ಲಿ ಯಾರು ಇಳಿಯಬಹುದು ಎಂಬ ಪ್ರಶ್ನೆ ಇದೆ. ಲೇಔಟಿನ ಕಾಂಪೌಂಡು ಎತ್ತರವಾಗಿರುವುದರಿಂದ ಆ ಪ್ರಶ್ನೆ ಒಳಗೆ ಕೇಳಿಸುವುದಿಲ್ಲ ಅಷ್ಟೆ. ನೀರು ತೀರಾ ಕಡಿಮೆಯಾದಾಗ ಮಾತ್ರ ಕೇಳಿಸುತ್ತದೆ: 2023ರ ಬರದ ಮರುವರ್ಷ, 2024ರ ಮಾರ್ಚಿನಲ್ಲಿ, ಬೆಂಗಳೂರಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಮಳೆ ಬಂದ ಮೇಲೆ ಎಲ್ಲರೂ ಮರೆತೆವು.

ಈ ವಿಚಾರವನ್ನೆಲ್ಲ ನಾನು ಮಾವನ ಮುಂದೆ ಭಾಷಣವಾಗಿ ಒಪ್ಪಿಸಲಿಲ್ಲ. ಅವರ ಮನೆಯ ಊಟ ಚೆನ್ನಾಗಿರುತ್ತದೆ, ಅದನ್ನು ಕಳೆದುಕೊಳ್ಳುವ ಧೈರ್ಯವಿಲ್ಲ. ತೀರ್ಮಾನ ಮಾಡಿದವರು ಅತ್ತೆ. ಹೀಟ್ ಪಂಪ್ ಬೇಡ ಎಂದರು. ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹೊದಿಕೆಯೊಂದನ್ನು ತರಿಸಿದರು. ಅದು ಬಿಸಿಲನ್ನು ಒಳಗೆ ಬಿಟ್ಟು ಆವಿಯನ್ನು ತಡೆಯುತ್ತದೆ. ಬಿಸಿ ಮಾಡುವುದಕ್ಕಿಂತ ಮೊದಲು ಬಿಸಿ ಓಡದಂತೆ ಮುಚ್ಚುವುದು ಯಾವ ಅಡುಗೆಮನೆಯಲ್ಲೂ ತಿಳಿದಿರುವ ವಿದ್ಯೆ. ತಾರಸಿಯ ಮೇಲೆ ಕಪ್ಪು ಕೊಳವೆಗಳ ಚಾಪೆ ಹಾಸಿ, ಕೊಳವನ್ನು ಸೋಸುವ ಪಂಪಿನಿಂದಲೇ ಹಗಲು ಹೊತ್ತು ನೀರನ್ನು ಅದರೊಳಗೆ ಸುತ್ತಿಸಿದರು. ಜನವರಿಯ ಮೊದಲ ವಾರ ಮಧ್ಯಾಹ್ನ ಮೂರಕ್ಕೆ ಥರ್ಮಾಮೀಟರ್ 29 ತೋರಿಸಿತು. ಬೇಕಾದದ್ದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. "ಸಾಕು, ಬಿಸಿಲಿದೆಯಲ್ಲ" ಎಂದು ಅತ್ತೆ ನೈಟಿಯಲ್ಲೇ ಇಳಿದರು. ಅವರು ಹೋಗುವುದು ಈಗ ಬೆಳಿಗ್ಗೆ ಆರಕ್ಕಲ್ಲ, ಬಿಸಿಲು ಹೇಳಿದ ಹೊತ್ತಿಗೆ. ಮಾವನಿಗೆ ಮಾತ್ರ ಸ್ವಲ್ಪ ನಿರಾಸೆ. ಅವರಿಗೆ ಬೇಕಾಗಿದ್ದುದು ಮುಂಜಾವಿನ ಹಬೆಯಾಡುವ ಕೊಳ ಎಂದು ನನ್ನ ಗುಮಾನಿ.

ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮನೆಗೆಲಸಕ್ಕೆ ಬರುವ ಅಕ್ಕ ಹದಿನೈದು ವರ್ಷದಿಂದ ಕುಕ್ಕರುಗಾಲಲ್ಲಿ ನೆಲ ಒರೆಸುತ್ತಿರುವವರು. ಅವರ ಮಂಡಿಯೂ ಕಟಕಟ ಎನ್ನುತ್ತದೆ. ಒಂದು ಮಧ್ಯಾಹ್ನ ನಾನಿದ್ದಾಗಲೇ ಅತ್ತೆ ಅವರನ್ನು ಕರೆದರು: "ಬಾರೇ, ನೀನೂ ಇಳಿ. ನನ್ ಮಂಡಿಗಿಂತ ನಿನ್ದೇ ಜಾಸ್ತಿ ಸವೆದಿರುತ್ತೆ." ಆ ಅಕ್ಕ ನಕ್ಕು, "ಅಯ್ಯೋ ಬ್ಯಾಡ್ರಮ್ಮ, ಸೀರೆ ಒದ್ದೆ ಆದ್ರೆ ಬಸ್ಸಿಗೆ ಹೆಂಗೋಗ್ಲಿ" ಎಂದರು. ಅತ್ತೆ ಒತ್ತಾಯಿಸಿದಾಗ ಕೊಳದ ಅಂಚಿನಲ್ಲಿ ಕುಳಿತು, ಸೀರೆ ಮೇಲೆತ್ತಿ, ಮಂಡಿಯವರೆಗೆ ಕಾಲು ಬಿಟ್ಟರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಮಾವ ಹಿಂದಿನ ಬಾಗಿಲಿಗೆ ಬಂದರು, ನೋಡಿದರು, ಒಳಗೆ ಹೋದರು. ಅವರ ಮುಖದಲ್ಲಿ ಏನಿತ್ತು ಎಂದು ನಾನು ಇಲ್ಲಿ ಊಹಿಸುವುದಿಲ್ಲ. ಆ ಅಕ್ಕ ಮಾತ್ರ ತಕ್ಷಣ ಕಾಲು ಮೇಲೆಳೆದುಕೊಂಡರು. ಅತ್ತೆಯ ಔದಾರ್ಯವನ್ನು ಮೆಚ್ಚಿ ಬರೆಯಲು ಹೊರಟರೆ ಆ ಎಳೆದುಕೊಂಡ ಕಾಲುಗಳು ಅಡ್ಡ ಬರುತ್ತವೆ. ಕರೆದು ಇಳಿಸುವುದೂ ಕರೆಯುವವರ ಮರ್ಜಿಯೇ. ಇಲ್ಲಿ ಬೇಡ ಎನ್ನುವುದು ಅವರಿಗೆ ಸುಲಭ, ಬೇಕು ಎಂದು ತಾವಾಗಿ ಕೇಳುವುದು ಸುಲಭವಲ್ಲ.

ಆದರೆ ಅವರು ಕೇಳಿದರು, ಬೇರೆಯದನ್ನು. ಕಾಲು ಒರೆಸಿಕೊಳ್ಳುತ್ತ, ಕೊಳದ ಕಡೆ ನೋಡದೆ, "ಅಮ್ಮ, ಬೆಳಿಗ್ಗೆ ಪಾತ್ರೆ ತೊಳೆಯೋ ನಲ್ಲಿಗೆ ಒಂಚೂರು ಬಿಸ್ನೀರು ಬರಂಗೆ ಮಾಡ್ಸಿದ್ರೆ... ಈ ಚಳಿಗೆ ಬೆರಳು ಮರಗಟ್ಟಿ ಹೋಗ್ತವೆ" ಎಂದರು.

ಮೂರು ವರ್ಷದ ಹಳೆಯ ಮನೆ. ತಾರಸಿಯ ಮೇಲೆ ಸ್ನಾನಕ್ಕೆಂದು 300 ಲೀಟರಿನ ಸೋಲಾರ್ ಟ್ಯಾಂಕು. ನಾಲ್ಕು ಬಚ್ಚಲಿಗೂ ಅಡುಗೆಮನೆಯ ಸಿಂಕಿಗೂ ಅದರ ಪೈಪು ಬಂದಿದೆ. ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಕಟ್ಟೆಯ ನಲ್ಲಿಗೆ ಮಾತ್ರ ತಣ್ಣೀರು. ಕೊಳದ ಬಗ್ಗೆ ಎರಡು ತಿಂಗಳು ನಾವೆಲ್ಲ ವಾದ ಮಾಡಿದ್ದೆವು. ಹಾಳೆಗಟ್ಟಲೆ ಲೆಕ್ಕ ಹಾಕಿದ್ದೆ. ಆ ಕಟ್ಟೆ ಕೊಳದಿಂದ ಹತ್ತು ಹೆಜ್ಜೆ ದೂರದಲ್ಲಿದೆ.

ಮರುದಿನ ಪ್ಲಂಬರ್ ಬಂದ. ಬಚ್ಚಲ ಗೋಡೆಯಿಂದ ಹಿತ್ತಿಲಿಗೆ ಒಂಬತ್ತು ಅಡಿ ಪೈಪು, ಎರಡು ಎಲ್ಬೋ, ಒಂದು ನಲ್ಲಿ. ಒಂದೂವರೆ ಗಂಟೆಯ ಕೆಲಸ. ಮಾವ ಪಕ್ಕದಲ್ಲಿ ನಿಂತು ಅಳತೆ ಟೇಪು ಹಿಡಿದುಕೊಟ್ಟರು.